ಲಂಚಘಾಟಿನಲ್ಲಿ ಅಪ್ಪಯ್ಯ

ಹೌರಾ ಸೇತುವೆಯ ಫೋಟೋ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕ್ಯಾಲೆಂಡರಿನಲ್ಲೋ, ಹಿಂದಿ ಸಿನಿಮಾದಲ್ಲೋ, ಇಸ್ಕೂಲಿನ ಸಮಾಜ ಪುಸ್ತಕದಲ್ಲೋ ನೋಡಿಯೇ ಇರುತ್ತೀರಿ. ಎರಡು ದೈತ್ಯ ಕಬ್ಬಿಣದ ಭುಜ, ನಡುವೆ ರಸ್ತೆ, ಕೆಳಗೆ ಕೆಸರು ಬಣ್ಣದ ನೀರು, ಆ ನೀರಿನ ಮೇಲೆ ಮೂಲೆಯಲ್ಲೆಲ್ಲೋ ಒಂದು ಪುಟ್ಟ ದೋಣಿ. ಈಗ ಬರೆಯಲು ಹೊರಟಿರುವುದು ಆ ಮೂಲೆಯ ದೋಣಿಯ ಬಗ್ಗೆ. ಸೇತುವೆ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅಷ್ಟಕ್ಕೂ ಆ ಫೋಟೋಗಳಲ್ಲಿ ಅರ್ಧಕ್ಕರ್ಧ ಆ ದೋಣಿಯ ಮೇಲೆ ನಿಂತೋ, ಅದು ಬಂದು ನಿಲ್ಲುವ ಕಟ್ಟೆಯ ಮೇಲೆ ನಿಂತೋ ತೆಗೆದದ್ದೇ. ಸೇತುವೆಯ ಮೇಲೆ ನಿಂತರೆ ಸೇತುವೆ ಕಾಣುವುದಿಲ್ಲವಲ್ಲ!

ಅದನ್ನು ಬರೀ ದೋಣಿ ಅಂದರೆ ಅಲ್ಲಿಯವರಿಗೆ ಬೇಜಾರಾಗುತ್ತದೆ. ಅದು ಲಾಂಚು. ನಾನು ಬ್ಯಾಂಕಿನ ಟ್ರಾನ್ಸ್‌ಫರ್ ಪುಣ್ಯದಿಂದ 2009ರಲ್ಲಿ ಕೊಲ್ಕತ್ತಾಕ್ಕೆ ಹೋಗಿ ಬಿದ್ದಾಗ, ಹೊಸ ಹುರುಪಿನಲ್ಲಿ ಬಂಗಾಳಿ ಅಕ್ಷರ ಕಲಿಯತೊಡಗಿದ್ದೆ. ಕಲಿತದ್ದನ್ನು ಅಂಗಡಿ ಬೋರ್ಡುಗಳ ಮೇಲೆ ಪ್ರಯೋಗಿಸುವುದು ಆಗಿನ ಆಟ. ಒಂದು ದಿನ ಹೌರಾ ಸ್ಟೇಷನ್ನಿನ ಎದುರು ಒಂದು ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಜೋಡಿಸಿ ಓದಿದೆ ನೋಡಿ.. ‘ಲಂಚ ಘಾಟ’! ಇಷ್ಟು ರಾಜಾರೋಷವಾಗಿ ಬೋರ್ಡು ಹಾಕಿ ತೆಗೆದುಕೊಳ್ಳುವ ಊರು ಇನ್ನೊಂದಿರಲಿಕ್ಕಿಲ್ಲ ಅಂತ ಒಬ್ಬಳೇ ನಿಂತು ನಕ್ಕಿದ್ದೆ. ಅವರು ಬರೆಯುವುದು ಹಾಗೆ, ಹೇಳುವುದು ‘ಲೊಂಚ್’. ಬೋಟ್, ಫೆರಿ ಎಂದೆಲ್ಲ ಪ್ರಪಂಚ ಕರೆಯುವ ವಸ್ತುವಿಗೆ ಲಾಂಚು ಅಂತಲೇ ಹೇಳುವವರು ನಮ್ಮ ಸೀಮೆಯವರು ಮಾತ್ರ ಅಂದುಕೊಂಡಿದ್ದವಳು ನಾನು. ಎರಡು ಸಾವಿರ ಕಿಲೋಮೀಟರು ದೂರ ಬಂದು ಅದೇ ಶಬ್ದ ಕಿವಿಗೆ ಬಿದ್ದಾಗ, ಜಾತ್ರೆಯಲ್ಲಿ ನೆಂಟರು ಸಿಕ್ಕಂತಾಯಿತು. ಅವತ್ತಿನಿಂದ ನನ್ನ ಪಾಲಿಗೆ ಅದು ಲಂಚಘಾಟೇ.

ನಾನಿದ್ದದ್ದು ಉತ್ತರಪಾಡಾದಲ್ಲಿ, ಆಫೀಸು ಇದ್ದದ್ದು ನದಿಯ ಈಚೆ ಬಿಬಿಡಿ ಬಾಗ್ ಕಡೆ. ಬೆಳಿಗ್ಗೆ ಲೋಕಲ್ ಟ್ರೇನಿನಲ್ಲಿ ಹಿಂಡಿಸಿಕೊಂಡು ಹೌರಾಕ್ಕೆ ಬರಬೇಕು. ಅಲ್ಲಿಂದ ಸೇತುವೆ ದಾಟಿಸುವ ಬಸ್ಸು ಹಿಡಿಯಬಹುದು. ಹಿಡಿದರೆ ಸೇತುವೆಯ ಮೇಲೆ ಅರ್ಧ ಗಂಟೆ ನಿಂತಿರುವುದಕ್ಕೂ ತಯಾರಾಗಿರಬೇಕು. ಎರಡೇ ವಾರಕ್ಕೆ ನಾನು ಬಸ್ಸಿಗೆ ಕೈಮುಗಿದೆ. ಸ್ಟೇಷನ್ನಿನ ಸಬ್‌ವೇಗೆ ಇಳಿದು, ಬೆವರು ಮತ್ತು ಕೊಳೆತ ಹೂಕೋಸಿನ ವಾಸನೆಯ ನಡುವೆ ಜನ ತಳ್ಳಿದ ಕಡೆಗೆ ನಡೆದು ಮೇಲೆ ಹತ್ತಿದರೆ ಥಟ್ಟನೆ ನದಿ. ಮೊದಲು ಗಾಳಿ ಬರುತ್ತದೆ, ಆಮೇಲೆ ನದಿ ಕಾಣುತ್ತದೆ. ಟಿಕೆಟ್ಟು ಆಗ ಹೆಚ್ಚೂ ಕಡಿಮೆ ಒಂದು ಮಣ್ಣಿನ ಕುಡಿಕೆ ಚಹಾದ ಬೆಲೆ. ಒಳಗೆ ಹೋದರೆ ಒಂದರ ಪಕ್ಕ ಒಂದು ಜೆಟ್ಟಿಗಳು. ಒಂದರಿಂದ ಫೇರ್ಲಿ ಘಾಟಿಗೆ, ಒಂದರಿಂದ ಬಾಬುಘಾಟಿಗೆ, ಇನ್ನೊಂದರಿಂದ ಉತ್ತರಕ್ಕೆ ಆಹಿರಿಟೋಲಾ, ಶೋಭಾಬಜಾರ್, ಬಾಗ್‌ಬಜಾರ್. ಸರಿಯಾದ ಜೆಟ್ಟಿಗೆ ನಿಂತಿದ್ದೇನೋ ಇಲ್ಲವೋ ಅಂತ ಪಕ್ಕದವರನ್ನು ಕೇಳಿದರೆ, ಉತ್ತರದ ಜೊತೆ ನೀವು ಯಾವ ಊರು, ಅಲ್ಲಿ ಮೀನು ಸಿಗುತ್ತದಾ, ಇಲ್ಲಿ ಮನೆ ಬಾಡಿಗೆ ಎಷ್ಟು ಕೊಡುತ್ತೀರಿ ಎಂಬಲ್ಲಿಯವರೆಗೆ ವಿಚಾರಣೆ ಆಗುತ್ತದೆ. ಮೀನು ತಿನ್ನುವುದಿಲ್ಲ ಅಂದರೆ ಅವರ ಮುಖದಲ್ಲಿ ಮೂಡುವ ಕರುಣೆಯನ್ನು ನೀವು ನೋಡಬೇಕು.. ನನಗೇನೋ ಗುಣವಾಗದ ರೋಗ ಇದೆ ಎಂಬಂತೆ.

ಜೆಟ್ಟಿ ಅಂದೆನಲ್ಲ, ಅದು ನೆಲಕ್ಕೆ ಗಟ್ಟಿಯಾಗಿ ಕಟ್ಟಿದ ಕಟ್ಟೆ ಅಲ್ಲ. ನೀರಿನ ಮೇಲೆ ತೇಲುವ ದೊಡ್ಡ ಕಬ್ಬಿಣದ ಪೆಟ್ಟಿಗೆ. ದಡಕ್ಕೂ ಅದಕ್ಕೂ ನಡುವೆ ಒಂದು ಉದ್ದನೆಯ ಕಬ್ಬಿಣದ ದಾರಿ. ಯಾಕೆಂದರೆ ಹೂಗ್ಲಿಯ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಸಮುದ್ರ ಅಷ್ಟು ದೂರ ಇದ್ದರೂ ಭರತ ಇಲ್ಲಿಯ ತನಕ, ಇನ್ನೂ ಮೇಲಿನ ತನಕವೂ ಬರುತ್ತದೆ. ಭರತದಲ್ಲಿ ಆ ದಾರಿ ಮನೆಯ ಜಗಲಿಯ ಹಾಗೆ ಸಪಾಟು, ಇಳಿತದಲ್ಲಿ ನಮ್ಮೂರ ತೋಟಕ್ಕೆ ಇಳಿಯುವ ದರೆಯ ಹಾಗೆ ಕಡಿದು. ಬೆಳಿಗ್ಗೆ ಹತ್ತುವಾಗ ಸಪಾಟಾಗಿದ್ದ ದಾರಿ ಸಂಜೆ ಬರುವಷ್ಟರಲ್ಲಿ ಗುಡ್ಡವಾಗಿರುತ್ತದೆ. ಮೊಣಕಾಲು ನೋವಿನ ಮುದುಕಿಯರು ಭರತದ ಹೊತ್ತು ನೋಡಿಕೊಂಡು ಮನೆಯಿಂದ ಹೊರಡುತ್ತಾರೆ ಅಂತ ನನ್ನ ಸಹೋದ್ಯೋಗಿ ಹೇಳುತ್ತಿದ್ದಳು. ತಮಾಷೆಗೆ ಹೇಳಿದಳೋ ನಿಜವೋ ಕೇಳಲಿಲ್ಲ, ನಿಜ ಇದ್ದರೆ ಚೆಂದ.

ಲಾಂಚು ಬರುವ ಚೆಂದವೇ ಬೇರೆ. ನೆಟ್ಟಗೆ ಬಂದು ನಿಲ್ಲುವುದಿಲ್ಲ. ಮುಂದಕ್ಕೆ ಹೋಗಿ, ಅರ್ಧ ವೃತ್ತ ಹೊಡೆದು, ಪ್ರವಾಹಕ್ಕೆ ಎದುರು ಮುಖ ಮಾಡಿಕೊಂಡು, ಎಮ್ಮೆ ಕೊಟ್ಟಿಗೆಯ ಗೋಡೆಗೆ ಮೈ ತಿಕ್ಕಿದ ಹಾಗೆ ನಿಧಾನಕ್ಕೆ ಜೆಟ್ಟಿಗೆ ಒರಗುತ್ತದೆ. ನೀರು ಯಾವ ಕಡೆ ಹರಿಯುತ್ತಿದೆ ಎನ್ನುವುದರ ಮೇಲೆ ಬೆಳಿಗ್ಗೆ ಒಂದು ಬಗೆ, ಮಧ್ಯಾಹ್ನ ಇನ್ನೊಂದು ಬಗೆ ತಿರುಗಬೇಕು. ಲಾಂಚು ನಡೆಸುವವನಿಗೆ ಅಲ್ಲಿ ಸಾರೆಂಗ್ ಅಂತಾರೆ. ಹಗ್ಗ ಎಸೆಯುವ ಹುಡುಗ ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಹಾಕಿ ಕೈಬಿಡುವ ಮೊದಲೇ ಅರ್ಧ ಜನ ಹಾರಿ ಆಗಿರುತ್ತದೆ. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ಹತ್ತುವ ವಿಚಾರದಲ್ಲಿ ಇಡೀ ಭಾರತ ಒಂದೇ. ಭಾವೈಕ್ಯತೆ! ಸುಣ್ಣ, ಡೀಸೆಲ್ಲು, ಸಾಸಿವೆ ಎಣ್ಣೆ, ಚೆಂಡು ಹೂವಿನ ಮೂಟೆ ಎಲ್ಲ ಸೇರಿದ ಒಂದು ವಾಸನೆ ಇದೆ ಅಲ್ಲಿ. ಈಗಲೂ ಎಲ್ಲಾದರೂ ಡೀಸೆಲ್ ಹೊಗೆ ಮತ್ತು ಚೆಂಡು ಹೂವು ಒಟ್ಟಿಗೆ ಮೂಗಿಗೆ ಬಿದ್ದರೆ ನನಗೆ ಒಂಬತ್ತೂ ಕಾಲಿನ ಲಾಂಚು ತಪ್ಪಿತೋ ಅಂತ ಧಾವಂತ ಆಗುತ್ತದೆ.

ಈ ಜಾಗದಲ್ಲಿ ದಾಟುವುದು ಸೇತುವೆಗಿಂತ ಎಷ್ಟೋ ಹಳೆಯ ಕೆಲಸ. ಹೌರಾದಿಂದ ಮೊದಲ ರೈಲು ಹೊರಟದ್ದು 1854ರಲ್ಲಿ. ಆಗ ಸೇತುವೆಯೇ ಇಲ್ಲ. ಹಾಗಾಗಿ ರೈಲ್ವೆಯವರ ಟಿಕೆಟ್ ಕಚೇರಿ ಇದ್ದದ್ದು ಈಚೆ ದಡದ ಆರ್ಮೇನಿಯನ್ ಘಾಟಿನಲ್ಲಿ. ಅಲ್ಲಿ ಟಿಕೆಟ್ಟು ತಗೊಂಡು, ರೈಲ್ವೆಯದೇ ಸ್ಟೀಮರಿನಲ್ಲಿ ನದಿ ದಾಟಿ, ಆಚೆ ದಡದಲ್ಲಿ ರೈಲು ಹತ್ತಬೇಕು. 1874ರಲ್ಲಿ ದೋಣಿಗಳಂಥ ತೇಲುಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ ಮೇಲೆ ರಸ್ತೆ ಹಾಸಿದ ಸೇತುವೆ ಬಂತು. ಹಡಗು ಬಂದಾಗ ನಡುವಿನ ತುಂಡನ್ನು ಬಿಚ್ಚಿ ಸರಿಸುತ್ತಿದ್ದರು, ಆಗ ಜನ ಮತ್ತೆ ದೋಣಿಯೇ ಹತ್ತಬೇಕು. ನಾವು ಫೋಟೋದಲ್ಲಿ ನೋಡುವ ಸೇತುವೆ ಶುರುವಾದದ್ದು 1943ರ ಫೆಬ್ರವರಿಯಲ್ಲಿ, ಯುದ್ಧದ ನಡುವೆ. 26,500 ಟನ್ ಉಕ್ಕು, ಅದರಲ್ಲಿ 23,000 ಟನ್ ಟಾಟಾದವರದ್ದು. ನಟ್ಟು ಬೋಲ್ಟು ಇಲ್ಲ, ಪೂರ್ತಿ ರಿವೆಟ್ಟು. 1965ರಲ್ಲಿ ಅದಕ್ಕೆ ರವೀಂದ್ರ ಸೇತು ಅಂತ ಹೆಸರಿಟ್ಟರು, ಜನ ಈಗಲೂ ಹೌರಾ ಬ್ರಿಡ್ಜ್ ಅಂತಲೇ ಅನ್ನುತ್ತಾರೆ.

ಸೇತುವೆಯ ಒಂದು ಸುದ್ದಿ ಮಾತ್ರ ಹೇಳದೇ ಇರಲಾರೆ. ಎಲೆಯಡಿಕೆ, ಗುಟ್ಕಾ ಜಗಿದವರು ಪಾದಚಾರಿ ದಾರಿಯಲ್ಲಿ ನಡೆಯುತ್ತಾ ಪಿಚಕ್ ಅಂತ ಉಗಿದೂ ಉಗಿದೂ, ಸೇತುವೆಯ ಕಬ್ಬಿಣದ ತೂಗುಕಂಬಗಳ ಬುಡವೇ ಸವೆದುಹೋಗಿ, ಕೊನೆಗೆ ಬಂದರಿನವರು ಅವಕ್ಕೆಲ್ಲ ಫೈಬರ್ ಗ್ಲಾಸಿನ ಕವಚ ತೊಡಿಸಿದರು. ನಾನಲ್ಲಿದ್ದ ಕಾಲದಲ್ಲೇ ಪೇಪರಿನಲ್ಲಿ ಬಂದಿತ್ತು. ಓದಿ ಅಪ್ಪಯ್ಯನಿಗೆ ಫೋನು ಮಾಡಿ, “ನಮ್ಮ ಸಾಗರದ ಅಡಿಕೆ ಹೌರಾ ಸೇತುವೆಯನ್ನೇ ತಿಂತಾ ಇದ್ದು” ಅಂದೆ. ಅವನು ಒಂದು ಕ್ಷಣ ಯೋಚನೆ ಮಾಡಿ ಗಂಭೀರವಾಗಿ ಕೇಳಿದ: “ಚಾಲಿಯೋ, ಕೆಂಪೋ?”

ಹತ್ತು ನಿಮಿಷದ ದಾರಿ. ಈಚೆ ದಡದ ಫೇರ್ಲಿಯಲ್ಲಿ ಇಳಿದರೆ ಮೊದಲು ಸಿಗುವುದು ಚಕ್ರ ರೈಲಿನ ಹಳಿ. ನದಿಯ ಪಕ್ಕದಲ್ಲೇ ಒಂಟಿ ಹಳಿ, ಎಡಬಲ ನೋಡಿಕೊಂಡು ದಾಟಿದರೆ ಸ್ಟ್ರ್ಯಾಂಡ್ ರೋಡು. ಅದರಾಚೆ ಹಳೇ ಕಂಪನಿಗಳ ಕರಿಹಿಡಿದ ಕಟ್ಟಡಗಳು, ಪುಟ್‌ಪಾತಿನ ಮೇಲೆ ಪೂರಿ, ಬಟಾಣಿ ಘುಗ್ನಿ, ಸುಟ್ಟ ಬ್ರೆಡ್ಡು. ಕಾಲಿಗೆ ಶಕ್ತಿ ಇದ್ದ ದಿನ ಬೇಗ ಹೊರಟು ಸೇತುವೆಯ ಬುಡದ ಮಲ್ಲಿಕ್ ಘಾಟಿನ ಹೂವಿನ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ಹೂವನ್ನು ಮಾರು ಲೆಕ್ಕದಲ್ಲಿ, ಮೊಳ ಲೆಕ್ಕದಲ್ಲಿ ಕೇಳಿದರೆ ನಗುತ್ತಾರೆ. ಹಗ್ಗದ ಹಾಗೆ ಸುತ್ತಿದ ಚೆಂಡು ಹೂವಿನ ಸರಗಳ ರಾಶಿಯನ್ನು ತಲೆ ಮೇಲೆ ಹೊತ್ತ ಗಂಡಸರು ಬರುತ್ತಿದ್ದರೆ, ಹೂವಿನ ಗುಡ್ಡಕ್ಕೆ ಎರಡು ಕಾಲು ಬಂದಂತೆ ಕಾಣುತ್ತದೆ. ದಕ್ಷಿಣಕ್ಕೆ ಹೋದರೆ ಬಾಬುಘಾಟು. 1830ರಲ್ಲಿ ರಾಣಿ ರಾಸಮಣಿಯ ಗಂಡ ಕಟ್ಟಿಸಿದ್ದು. ದಕ್ಷಿಣೇಶ್ವರದ ಕಾಳಿ ದೇವಸ್ಥಾನ ಕಟ್ಟಿಸಿದವಳು ಅದೇ ರಾಸಮಣಿ. ಗ್ರೀಕ್ ಮಾದರಿಯ ಕಂಬಗಳ ಮಧ್ಯೆ ಎಣ್ಣೆ ತಿಕ್ಕಿಸಿಕೊಳ್ಳುವವರು, ತಲೆ ಬೋಳಿಸುವವರು, ಪಿಂಡ ಇಡಿಸುವ ಪುರೋಹಿತರು. ಅವರಿಗೆಲ್ಲ ಆ ನದಿ ಹೂಗ್ಲಿ ಅಲ್ಲವೇ ಅಲ್ಲ. ಗಂಗೆ ಅಷ್ಟೇ.

ಈಗ ನಮ್ಮ ಲಾಂಚಿನ ಕಥೆ ಹೇಳಬೇಕು. ಇಲ್ಲದಿದ್ದರೆ ಅಪ್ಪಯ್ಯ ಅಲ್ಲಿ ಆಡಿದ ಮಾತು ನಿಮಗೆ ತಲುಪುವುದಿಲ್ಲ.

ನಮ್ಮೂರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಸಿಗಂದೂರಿಗೆ ಹೋದವರಿಗೆ ಗೊತ್ತಿರುತ್ತದೆ, ಹೊಳೆಬಾಗಿಲಿನಲ್ಲಿ ಬಸ್ಸು ಕಾರು ಜನ ಎಲ್ಲವನ್ನೂ ಹೊತ್ತುಕೊಂಡು ಕಳಸವಳ್ಳಿ ದಡಕ್ಕೆ ಬಿಡುತ್ತಿದ್ದ ಲಾಂಚು. ಪ್ರವಾಸಿಗರಿಗೆ ಅದು ಸಂಭ್ರಮ. ಬಸ್ಸಿನ ಸಮೇತ ನೀರಿನ ಮೇಲೆ ಹೋಗುವುದೆಂದರೆ ಸಣ್ಣ ಮಾತಾ? ಎಷ್ಟೋ ಜನ ಅದರ ಬಗ್ಗೆ ಚೆಂದ ಚೆಂದದ ಬರಹ ಬರೆದಿದ್ದೀರಿ, ನಾನೂ ಓದಿ ಖುಷಿಪಟ್ಟಿದ್ದೇನೆ. ಆದರೆ ದೇವಸ್ಥಾನ ನೋಡಿ ಸಂಜೆ ವಾಪಸಾಗುವವರ ಲಾಂಚು ಬೇರೆ, ದಡದಾಚೆ ಉಳಿದವರ ಲಾಂಚು ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಅಪ್ಪಯ್ಯನಿಗೆ ಹದಿನಾರು ವರ್ಷ. ಗದ್ದೆ, ಮನೆ, ಅವನು ಓದಿದ ಶಾಲೆ ಎಲ್ಲ ಕೆಳಗೆ ಹೋದವು. ಮೊದಲು ನಡೆದು, ಗಾಡಿ ಹೊಡೆದುಕೊಂಡು ಸಾಗರಕ್ಕೆ ಹೋಗುತ್ತಿದ್ದವರಿಗೆ ನಡುವೆ ಒಂದು ಸಮುದ್ರ ಹುಟ್ಟಿಕೊಂಡಿತು. ನಾಡಿಗೆಲ್ಲ ಕರೆಂಟು ಹೋಯಿತು, ನಾವು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಿದೆವು. ಅದಿರಲಿ, ಹಳೆಯ ಮಾತು. ಲಾಂಚು ಸಂಜೆಯಾದರೆ ನಿಲ್ಲುತ್ತಿತ್ತು. ಆಮೇಲೆ ಏನೇ ಆದರೂ ಬೆಳಗಾಗಬೇಕು, ಅಥವಾ ಕಾಡುದಾರಿಯಲ್ಲಿ ಜಿಲ್ಲೆಯನ್ನೇ ಸುತ್ತಿದ ಹಾಗೆ ಸುತ್ತಿಕೊಂಡು ಹೋಗಬೇಕು. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು.

1987ರ ಮಳೆಗಾಲದಲ್ಲಿ ಅತ್ತೆ, ಅಂದರೆ ಅಪ್ಪಯ್ಯನ ತಂಗಿ, ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ರಾತ್ರಿ ಊಟದ ಹೊತ್ತಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದು ನೋಡಿ ನನ್ನ ಕೈಲಾಗುವುದಲ್ಲ ಅಂದಳು. ಲಾಂಚು ಆಚೆ ದಡದಲ್ಲಿ ಕಟ್ಟಿತ್ತು. ನನಗಾಗ ಎಂಟು ವರ್ಷ. ನೆನಪಿರುವುದು ಇಷ್ಟೇ: ಕಂಬಳಿ ಕಟ್ಟಿದ ಕುರ್ಚಿಯಲ್ಲಿ ಅತ್ತೆಯನ್ನು ಹೊತ್ತುಕೊಂಡು ನಾಲ್ಕು ಜನ ಇಳಿದು ಹೋದದ್ದು, ಲಾಟೀನು ಮರಗಳ ಸಂದಿಯಲ್ಲಿ ಕಂಡೂ ಕಾಣದಂತಾದದ್ದು, ಅಜ್ಜಿ ದೇವರ ಮುಂದೆ ಕೂತು ಏಳದೇ ಹೋದದ್ದು. ಉಳಿದದ್ದು ಆಮೇಲೆ ಕೇಳಿದ್ದು. ಮೀನು ಹಿಡಿಯುವವರ ಒಂದು ಸಣ್ಣ ದೋಣಿಯಲ್ಲಿ, ಮಳೆಯಲ್ಲಿ, ಅಪ್ಪಯ್ಯ ಮತ್ತು ಇನ್ನಿಬ್ಬರು ಹುಟ್ಟು ಹಾಕಿದರು. ದಿಕ್ಕು ತಪ್ಪಿತು. ಆಚೆ ದಡಕ್ಕೆ ಹೋಗಿ, ಅಲ್ಲಿ ಒಂದು ಜೀಪು ಹುಡುಕಿ, ಸಾಗರದ ಆಸ್ಪತ್ರೆ ಗೇಟು ತಲುಪುವಾಗ ಬೆಳಗಿನ ಜಾವ. ಅತ್ತೆ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು. ಈ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಪ್ಪಯ್ಯ ಮಾತ್ರ ಲಾಂಚಿನಲ್ಲಿ ಹೋಗುವಾಗ ಯಾವತ್ತೂ ಕಟಾಂಜನದ ಹತ್ತಿರ ನಿಂತು ನೀರು ನೋಡಿದ್ದಿಲ್ಲ. ಬಸ್ಸಿನೊಳಗೇ ಕೂತಿರುತ್ತಿದ್ದ, ಕಣ್ಣು ಮುಚ್ಚಿಕೊಂಡು.

ಅಂಥ ಅಪ್ಪಯ್ಯ 2011ರ ಚಳಿಗಾಲದಲ್ಲಿ ಅಮ್ಮನ ಜೊತೆ ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಹೌರಾಕ್ಕೆ ಬಂದಿಳಿದ. ಕಾಳಿಘಾಟು, ಬೇಲೂರು ಮಠ ಎಲ್ಲ ಆಯಿತು. ಅಮ್ಮನಿಗೆ ನಾನು ದಿನಾ ಹೋಗುವ ಲಾಂಚು ನೋಡುವ ಆಸೆ. ಅಪ್ಪಯ್ಯ ಬರಲಾರನೇನೋ ಅಂದುಕೊಂಡಿದ್ದೆ. ಬಂದ. ಶಾಲು ಹೊದ್ದು, ಕೈಯಲ್ಲಿ ಕೊಡೆ ಹಿಡಿದು (ಡಿಸೆಂಬರಿನಲ್ಲಿ ಕೊಡೆ ಯಾಕೆ ಅಂತ ಮಲೆನಾಡಿನವರನ್ನು ಕೇಳಬಾರದು), ಇಳಿಜಾರಾಗಿದ್ದ ಕಬ್ಬಿಣದ ದಾರಿಯಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿದ. ಜೆಟ್ಟಿಯ ಮೇಲೆ ನಿಂತವನು ಕೇಳಿದ ಮೊದಲ ಪ್ರಶ್ನೆ:

“ಕೂಸೇ, ಕಡೇ ಲಾಂಚು ಎಷ್ಟೊತ್ತಿಗೆ?”

ರಾತ್ರಿ ಎಂಟರ ಮೇಲೂ ಇರುತ್ತದೆ ಅಂದೆ.

“ಅದು ತಪ್ಪಿರೆ ಎಂತ ಮಾಡ್ತ?”

“ಸೇತುವೆ ಇದ್ದಲಾ ಅಪ್ಪಯ್ಯ” ಅಂದೆ. ಸೇತುವೆ ಅವನ ತಲೆಯ ಮೇಲೆಯೇ ಇತ್ತು ಅನ್ನಬೇಕು. ಬಸ್ಸು, ಟ್ಯಾಕ್ಸಿ, ತಲೆಹೊರೆಯವರು ಒಂದೇ ಸಮ ಹರಿಯುತ್ತಿದ್ದರು. ಅಪ್ಪಯ್ಯ ಕತ್ತೆತ್ತಿ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ದಕ್ಷಿಣಕ್ಕೆ ತಿರುಗಿದ. ದೂರದಲ್ಲಿ 1992ರ ವಿದ್ಯಾಸಾಗರ ಸೇತುವೆಯ ತಂತಿಗಳು ಮಂಜಿನಲ್ಲಿ ಮಸುಕಾಗಿ ಕಾಣುತ್ತಿದ್ದವು.

“ಅದೆಂತು?”

“ಅದೂ ಸೇತುವೆಯೇ.”

“ಎರಡೆರಡು ಸೇತುವೆ.. ಹಂಗಾರೆ ಇದು ಆಟದ ಲಾಂಚು ಬಿಡು” ಅಂದ. ಅವನ ಭುಜ ಸಡಿಲಾದದ್ದು ನನಗೆ ಶಾಲಿನ ಮೇಲಿಂದಲೂ ಗೊತ್ತಾಯಿತು.

ಲಾಂಚು ಹತ್ತಿದ ಮೇಲೆ ಒಳಗೆ ಸೀಟಿದ್ದರೂ ಕೂರಲಿಲ್ಲ. ಕಟಾಂಜನಕ್ಕೆ ಮೈ ಆನಿಸಿ ನಿಂತ. ನೀರಿನ ಮೇಲೆ ಜಲಕಳೆಯ ದೊಡ್ಡ ದೊಡ್ಡ ಹಸಿರು ತೇಪೆಗಳು ತೇಲಿಕೊಂಡು ಹೋಗುತ್ತಿದ್ದವು. ಸ್ವಲ್ಪ ಹೊತ್ತು ನೋಡಿ, ಸೂರ್ಯ ಎಲ್ಲಿದ್ದಾನೆ ನೋಡಿ, ಮತ್ತೆ ನೀರು ನೋಡಿ, “ಸಮುದ್ರ ಆ ಬದಿಗಲ್ದನಾ? ಹೊಳೆ ತಿರುಗಿ ಹರೀತಾ ಇದ್ದಲೇ!” ಅಂದ. ಭರತ ಏರುತ್ತಿತ್ತು. ಪಕ್ಕದಲ್ಲಿದ್ದ ಮುದುಕರೊಬ್ಬರಿಗೆ ಭಾಷೆ ತಿಳಿಯದಿದ್ದರೂ ಬೆರಳು ತೋರಿಸಿದ್ದರಿಂದ ವಿಷಯ ತಿಳಿಯಿತು. ಅವರು ಬಂಗಾಳಿಯಲ್ಲಿ ಭರತ, ಇಳಿತ, ‘ಬಾನ್’ ಬರುವ ಕಥೆ ಎಲ್ಲ ಹೇಳತೊಡಗಿದರು. ಬಾನ್ ಅಂದರೆ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಗಳಲ್ಲಿ ಸಮುದ್ರದ ಕಡೆಯಿಂದ ನದಿಯೊಳಗೆ ಗೋಡೆಯ ಹಾಗೆ ನುಗ್ಗುವ ಅಲೆ. ಬರುವ ಹೊತ್ತಿಗೆ ಲಾಂಚು ನಿಲ್ಲಿಸುತ್ತಾರೆ, ದೋಣಿಗಳು ದಡ ಬಿಟ್ಟು ನಡು ನದಿಗೆ ಹೋಗಿ ನಿಲ್ಲುತ್ತವೆ. ನಾನು ಅನುವಾದಿಸಿದೆ. ನದಿಗೆ ಹೂಳು ತುಂಬಿ ಬಂದರು ಸಾಯುತ್ತದೆಂದು ಮೇಲೆ ಫರಕ್ಕಾದಲ್ಲಿ 1975ರಲ್ಲಿ ಒಂದು ಅಡ್ಡಕಟ್ಟೆ ಶುರುಮಾಡಿ ಈ ಕಡೆಗೆ ನೀರು ತಿರುಗಿಸಿದ್ದಾರೆ ಅಂತಲೂ ಹೇಳಿದರು. ಅಪ್ಪಯ್ಯ ಒಂದೇ ಪ್ರಶ್ನೆ ಕೇಳಿದ, ಅಲ್ಲಿ ಯಾರ ಮನೆ ಮುಳುಗಿತು ಅಂತ. ನಾನು ಅದನ್ನೂ ಅನುವಾದಿಸಿದೆ. ಮುದುಕರು ಅಪ್ಪಯ್ಯನ ಮುಖ ನೋಡಿದರು. ತಮ್ಮ ಮನೆ ಈಗಿನ ಬಾಂಗ್ಲಾದೇಶದಲ್ಲಿ ಉಳಿದುಹೋಯಿತು, ಎಂಟು ವರ್ಷದವನಿದ್ದಾಗ ದೋಣಿಯಲ್ಲೇ ಹೊರಟು ಬಂದದ್ದು ಅಂದರು. ಅಷ್ಟರಲ್ಲಿ ಬಾಬುಘಾಟು ಬಂತು. ಇಬ್ಬರೂ ಒಬ್ಬರಿಗೊಬ್ಬರು ಕೈಮುಗಿದು ಇಳಿದರು.

ಅವತ್ತು ನಾವು ಇಳಿದು, ಮಂಡಕ್ಕಿ ತಿಂದು, ಮತ್ತೆ ಹತ್ತಿ, ಹೌರಾಕ್ಕೆ ಬಂದು, ಮತ್ತೆ ಟಿಕೆಟ್ ತಗೊಂಡು ಫೇರ್ಲಿಗೆ ಹೋದೆವು. ಎರಡನೇ ಸಲ ಹೇಳಿದವನು ಅಪ್ಪಯ್ಯನೇ. ಅಮ್ಮನಿಗೆ ಮಂಡಕ್ಕಿಗೆ ಹಾಕಿದ ಹಸಿ ಸಾಸಿವೆ ಎಣ್ಣೆ ನೆತ್ತಿಗೇರಿ ಕಣ್ಣು ತುಂಬ ನೀರು. ಬಂಗಾಳಿಗಳಿಗೆ ತೆಂಗಿನೆಣ್ಣೆ ಪರಿಚಯಿಸಬೇಕು ಅಂತ ಊರು ತಲುಪುವವರೆಗೂ ಹೇಳುತ್ತಿದ್ದಳು.

ನಾನು 2013ರಲ್ಲಿ ಬೆಂಗಳೂರಿಗೆ ವಾಪಸಾದೆ. ಆಮೇಲೆ ಹೂಗ್ಲಿಯ ಸುದ್ದಿ ಏನಿದ್ದರೂ ಫೋನಿನಲ್ಲಿ, ಪೇಪರಿನಲ್ಲಿ. 2017ರ ಏಪ್ರಿಲ್‌ನಲ್ಲಿ ಭದ್ರೇಶ್ವರದ ತೆಲಿನಿಪಾಡಾ ಘಾಟಿನಲ್ಲಿ ಬಿದಿರಿನ ಜೆಟ್ಟಿ ಭರತದ ಹೊಡೆತಕ್ಕೆ ಕುಸಿದು ಹಲವರು ಸತ್ತರು. ಅದು ಹೌರಾದಿಂದ ಎಷ್ಟೋ ಮೇಲೆ, ಸಣ್ಣ ಊರಿನ ಘಾಟು. ಆದರೂ ಓದಿದಾಗ ಕಾಲಡಿಯಲ್ಲಿ ಆ ಕಬ್ಬಿಣದ ದಾರಿ ಅಲುಗಾಡಿದಂತಾಯಿತು. ಅಂದಮೇಲೆ ದಿನಾ ನದಿ ದಾಟುವವರೆಲ್ಲರ ಪಾಲಿಗೂ ಲಾಂಚು ಆಟ ಅಲ್ಲ. ಸೇತುವೆ ಇರುವ ಊರಿನ ಘಾಟು ಗಟ್ಟಿ ಕಬ್ಬಿಣದ್ದು, ಇಲ್ಲದ ಊರಿನದ್ದು ಬಿದಿರಿನದ್ದು. ಇದ್ದವರಿಗೇ ಇನ್ನಷ್ಟು ಬಂದು ಸೇರುವುದು ನದಿ ದಡದಲ್ಲೂ ತಪ್ಪಿದ್ದಲ್ಲ.

2024ರ ಮಾರ್ಚಿನಲ್ಲಿ ಹೂಗ್ಲಿಯ ಅಡಿಯಿಂದ ಮೆಟ್ರೋ ಶುರುವಾಯಿತು. ನದಿಯ ಕೆಳಗಿನ ಸುರಂಗ 520 ಮೀಟರು, ದಾಟುವುದು ಮುಕ್ಕಾಲು ನಿಮಿಷ. 2025ರ ಆಗಸ್ಟಿನಲ್ಲಿ ಅದು ಸಿಯಾಲ್ದಾದ ಜೊತೆಗೂ ಸೇರಿತು. ಅಂದರೆ ನಗರದ ಎರಡು ದೊಡ್ಡ ರೈಲು ನಿಲ್ದಾಣಗಳು ನೆಲದೊಳಗೇ ಒಂದಾದವು. ಅದೇ ವರ್ಷ ನವೆಂಬರಿನಲ್ಲಿ ಒಂದು ಟ್ರೈನಿಂಗ್ ನೆಪದಲ್ಲಿ ನಾಲ್ಕು ದಿನ ಹೋಗಿದ್ದೆ. ಮೊದಲು ಮೆಟ್ರೋದಲ್ಲೇ ಹೋದೆ, ನೋಡಬೇಕಲ್ಲ. ಎಸ್ಕಲೇಟರು ಇಳಿಯುತ್ತಾ ಇಳಿಯುತ್ತಾ ಪಾತಾಳವೇ ಬಂತು. ನದಿಯ ಅಡಿ ಬಂದಾಗ ಸುರಂಗದಲ್ಲಿ ನೀಲಿ ದೀಪ ಹಾಕಿದ್ದಾರೆ, ನದಿ ಇದೆ ಅಂತ ಗೊತ್ತಾಗಲಿ ಎಂದು. ಹುಡುಗರು ಮೊಬೈಲ್ ಎತ್ತಿದರು, ಇಳಿಸುವಷ್ಟರಲ್ಲಿ ನದಿ ಮುಗಿದಿತ್ತು. ಮಹಾಕರಣ್‌ನಲ್ಲಿ ಮೇಲೆ ಬಂದಾಗ ಬಟ್ಟೆ ಬೆವರಿಲ್ಲ, ಇಸ್ತ್ರಿ ಮುರಿದಿಲ್ಲ. ನಾನಿದ್ದಾಗಲೇ ಇದ್ದಿದ್ದರೆ ದಿನಾ ಇದರಲ್ಲೇ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಫೇರ್ಲಿಗೆ ಹೋದೆ. ಆರು ಗಂಟೆ, ಮೊದಲಾದರೆ ಕಾಲಿಡಲು ಜಾಗ ಇಲ್ಲದ ಹೊತ್ತು. ಜನ ಇದ್ದರು, ಆದರೆ ನೂಕು ಇರಲಿಲ್ಲ. ಲಾಂಚಿನೊಳಗೆ ಬೆಂಚಿನ ಮೇಲೆ ಜಾಗ ಸಿಕ್ಕಿತು! ನನ್ನ ನಾಲ್ಕು ವರ್ಷದಲ್ಲಿ ಆಫೀಸು ಬಿಡುವ ಹೊತ್ತಿನಲ್ಲಿ ಸಿಗದ ಜಾಗ ಅದು. ಮಂಡಕ್ಕಿಯವನ ಹತ್ತಿರ ಕೇಳಿದೆ, ವ್ಯಾಪಾರ ಹೇಗೆ ಅಂತ. “ಮೆಟ್ರೋದೊಳಗೆ ಡಬ್ಬ ತಗೊಂಡು ಹೋಗಲಿಕ್ಕೆ ಬಿಡುವುದಿಲ್ಲ ದಿದಿ” ಅಂದ, ಅಷ್ಟೇ. ಈರುಳ್ಳಿ ಹೆಚ್ಚುತ್ತಲೇ ಇದ್ದ. ಜೆಟ್ಟಿ ನಂಬಿಕೊಂಡಿರುವ ಚಹಾದವರು, ಬಾಚಣಿಗೆ ಮಾರುವವರು, ಹಗ್ಗ ಎಸೆಯುವ ಹುಡುಗರು ಎಲ್ಲರನ್ನೂ ಎಸ್ಕಲೇಟರು ಹತ್ತಿಸಿಕೊಳ್ಳುವುದಿಲ್ಲ. ಹೂವಿನ ಮೂಟೆಗೂ ಅಲ್ಲಿ ಜಾಗ ಇಲ್ಲ. ಹಾಗಾಗಿ ಮೂಟೆಯವರು, ಮುದುಕರು, ಮುಖಕ್ಕೆ ಗಾಳಿ ಬೇಕಾದವರು ಇನ್ನೂ ಲಾಂಚಿನಲ್ಲೇ ಇದ್ದಾರೆ. ಬೆಂಚಿನ ತುದಿಯಲ್ಲಿ ಒಂದು ಹುಡುಗ ಹುಡುಗಿ ಕೂತಿದ್ದರು, ಹೌರಾದಲ್ಲಿ ಇಳಿಯಲೇ ಇಲ್ಲ, ಹಾಗೇ ವಾಪಸು ಹೋದರು. ಅಪ್ಪಯ್ಯನ ಭಾಷೆಯಲ್ಲಿ ಅದು ಈಗ ನಿಜವಾಗಿಯೂ ಆಟದ ಲಾಂಚು.

ನಮ್ಮ ಕಡೆಯ ಸುದ್ದಿ ನಿಮಗೆ ಗೊತ್ತೇ ಇದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಶುರುವಾಯಿತು. ಎರಡು ಕಿಲೋಮೀಟರಿಗೂ ಉದ್ದ, ನಡುವೆ ತಂತಿಗಳಿಂದ ತೂಗುಬಿಟ್ಟ ಭಾಗ. ಮಂಜಿನಲ್ಲಿ ನೋಡಿದರೆ ಥೇಟ್ ಹೂಗ್ಲಿಯ ವಿದ್ಯಾಸಾಗರ ಸೇತುವೆಯ ಮಲೆನಾಡಿನ ತಂಗಿ. ಲಾಂಚಿನ ಬಗ್ಗೆ ನೆನಪು ತೋಡಿಕೊಂಡು ಎಷ್ಟೊಂದು ಬರಹಗಳು ಬಂದವು, ಎಲ್ಲ ಓದಿದೆ. ಲಾಂಚಿಗೆ ಕಾಯುವವರನ್ನೇ ನಂಬಿಕೊಂಡಿದ್ದ ದಡದ ಸಣ್ಣ ಅಂಗಡಿಗಳ ಬಗ್ಗೆ ನನಗೂ ಬೇಸರ ಇದೆ. ಲಾಂಚಿನ ಬಗ್ಗೆ ಮಾತ್ರ ನನ್ನ ಕಣ್ಣಲ್ಲಿ ನೀರು ಬರಲಿಲ್ಲ.

ಉದ್ಘಾಟನೆಯ ದಿನ ಗದ್ದಲ ಅಂತ ಅಪ್ಪಯ್ಯ ಹೋಗಲಿಲ್ಲವಂತೆ. ಮರುದಿನವೂ ಹೋಗಲಿಲ್ಲ. ಒಂದು ವಾರದ ಮೇಲೆ ಬ್ಯಾಕೋಡಿನಿಂದ ಅತ್ತೆಯ ಮಗನಿಗೆ ಫೋನು ಮಾಡಿ, ಕಾರು ತಗಂಡು ಬಾ, ರಾತ್ರಿ ಊಟ ಆದಮೇಲೆ ಬಾ, ನಿನ್ನ ಅಮ್ಮನನ್ನೂ ಕರಕಂಡು ಬಾ ಅಂದನಂತೆ. ಎಂತಕ್ಕೆ ಮಾವ, ಹುಷಾರಿಲ್ಯನಾ ಅಂತ ಅವನಿಗೆ ಗಾಬರಿ. ಎಂತದೂ ಆಯ್ದಿಲ್ಲೆ, ಬಾ ಅಂದನಂತೆ. ಇದನ್ನೆಲ್ಲ ನನಗೆ ಹೇಳಿದವನು ಅತ್ತೆಯ ಮಗನೇ. ಜೋರು ಮಳೆ. ಹತ್ತು ಗಂಟೆಗೆ ಹೊರಟರಂತೆ. ಅಪ್ಪಯ್ಯ ಮುಂದಿನ ಸೀಟಿನಲ್ಲಿ, ಅತ್ತೆ ಹಿಂದೆ. ಸೇತುವೆ ಮೇಲೆ ಹೋಗುವಾಗ ಯಾರೂ ಮಾತಾಡಲಿಲ್ಲ. ನಡುವೆ ಒಂದು ಕಡೆ ಅಪ್ಪಯ್ಯ ಕಿಟಕಿಯ ಗಾಜು ಇಳಿಸಿದನಂತೆ, ಮಳೆ ಒಳಗೆ ಹೊಡೆದರೂ ಏರಿಸಲಿಲ್ಲ. ಕೆಳಗೆ ಕತ್ತಲೆ, ಏನೂ ಕಾಣುತ್ತಿರಲಿಲ್ಲ. ಹಾಗೇ ಸಾಗರದ ಆಸ್ಪತ್ರೆ ಗೇಟಿನ ತನಕ ಹೋಗಿ, ಇಲ್ಲಿ ನಿಲ್ಸು ಅಂದು, ಟಾರ್ಚು ಹಾಕಿ ಗಡಿಯಾರ ನೋಡಿದನಂತೆ. ಒಂದು ತಾಸಿನ ಮೇಲೆ ಐದು ನಿಮಿಷ.

ಇಳಿಯಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೀ ಅಂಗಡಿ ತೆರೆದಿತ್ತಂತೆ, ಅಲ್ಲಿ ಮೂರು ಟೀ ಹೇಳಿದರು. ಅತ್ತೆ ತನಗೆ ಸಕ್ಕರೆ ಕಮ್ಮಿ ಹಾಕಲು ಹೇಳಿದಳಂತೆ. ಮಧ್ಯರಾತ್ರಿ ದಾಟಿ ಮನೆಗೆ ಬಂದಾಗ ಅಮ್ಮ ಬಾಗಿಲು ತೆಗೆದುಕೊಂಡೇ ಕೂತಿದ್ದಳು.